ಇನ್ನೂರ ಹನ್ನೊಂದಕ್ಕೆ ಹೋಗು

ಜೀಪು ಮೂರು ಗಂಟೆಗೆ ಬರುತ್ತದೆ ಎಂದು ಬೆಳಗಿನಿಂದ ನಾಲ್ಕು ಸಲ ಹೇಳಿಯಾಗಿತ್ತು. ನಾಲ್ಕು ಸಲವೂ ದೇವೇಂದ್ರ ಅದನ್ನು ಆಗಷ್ಟೇ ಕೇಳಿದವನ ಹಾಗೆ 'ಹೌದಾ' ಎಂದಿದ್ದ. ಉಂಡು ಕೈತೊಳೆದವನು ಯಾರೂ ಇಲ್ಲದ ಹೊತ್ತು ನೋಡಿ ಅಟ್ಟದ ಏಣಿ ಹತ್ತಿದ. ಮೂವತ್ತೇಳು ವರ್ಷದ ಗಂಡಸು, ತನ್ನದೇ ಮನೆಯಲ್ಲಿ, ಬೆಲ್ಲ ಕದ್ದವನ ಹಾಗೆ. ಕೆಳಗೆ ಗಡಿಯಾರ ಹನ್ನೆರಡೂವರೆಗೆ ಒಂದೇ ಸಲ ಢಣ್ ಎಂದಿತು. ಇನ್ನು ಎರಡೂವರೆ ಗಂಟೆ. ಅಷ್ಟರೊಳಗೆ ಅವನು ತಮ್ಮನ ಹೆಂಡತಿ ಸುಕನ್ಯಾಗೆ ಒಂದು ಮಾತು ಹೇಳಬೇಕಿತ್ತು, ಇಲ್ಲವೇ ಹೇಳುವುದು ಬೇಡವೆಂದು ತನ್ನನ್ನು ತಾನೇ ಒಪ್ಪಿಸಬೇಕಿತ್ತು. ತಮ್ಮ ರಂಗನಾಥನ ವರ್ಷದ ಎಡೆ ಮೊನ್ನೆ ಮುಗಿದಿತ್ತು. ಇವತ್ತು ಅವಳ ಅಪ್ಪ ಗುರುವಯ್ಯ ಕಳಸದ ಕಡೆಯಿಂದ ಬಾಡಿಗೆ ಜೀಪು ಮಾಡಿಕೊಂಡು ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಮತ್ತೆ ಅವಳು ಈ ಮನೆಯ ಮೆಟ್ಟಿಲು ಹತ್ತುವ ಕಾರಣ ಯಾವುದೂ ಉಳಿಯುವುದಿಲ್ಲ. ಹೇಳಬೇಕಾದ ಮಾತೇನೂ ದೊಡ್ಡದಲ್ಲ. ಅವತ್ತು ಮಂಜಿನಲ್ಲಿ ರಂಗ ನನ್ನನ್ನು ಕರೆದಿದ್ದ, ನನಗೆ ಕೇಳಿಸಿತ್ತು, ನಾನು ಓಗೊಡಲಿಲ್ಲ. ಒಂದು ವರ್ಷದಿಂದ ಈ ಮೂರು ತುಂಡು ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಅನ್ನದ ಉಂಡೆ ನುಂಗಿದರೂ ಇಳಿಯುವ ಮುಳ್ಳಲ್ಲ ಅದು.

ಅಟ್ಟದ ಕಿಟಕಿಯ ಬಳಿ ಹಳೆಯ ಗೋಣಿಗಳ ಅಡಿಯಿಂದ ಪುಸ್ತಕ ತೆಗೆದ. ರಟ್ಟು ಅರ್ಧ ಹರಿದು ಹೆಸರು ಯಾವತ್ತೋ ಹೋಗಿತ್ತು. ಉಳಿದ ಅರ್ಧದಲ್ಲಿ ಹಲ್ಲಿಮೂತಿಯ ಸೈನಿಕನೊಬ್ಬ ಕಲ್ಲಿನ ಬಾಗಿಲು ಕಾಯುತ್ತ ನಿಂತಿದ್ದ. ಒಳಗಿನ ಹಾಳೆಯಲ್ಲಿ ಯಾವುದೋ ಮಗು ಶಾಯಿಯಲ್ಲಿ ತನ್ನ ಹೆಸರು ಬರೆದು ಚೆಲ್ಲಿಕೊಂಡು, ಕೆಳಗೆ ೧೯೮೪ ಎಂದು ಬರೆದಿತ್ತು. ಬಾಳೂರಿನ ಕಡೆಯ ಎಸ್ಟೇಟ್ ಒಂದರಲ್ಲಿ ರಂಗ ಡ್ರೈವರಾಗಿದ್ದಾಗ, ಬಂಗಲೆಯ ಮಕ್ಕಳು ದೊಡ್ಡವರಾಗಿ ಬಿಟ್ಟುಹೋದದ್ದನ್ನೆಲ್ಲ ರದ್ದಿಗೆ ಹಾಕಿಬರಲು ಹೇಳಿದ್ದರು. ರದ್ದಿಗೆ ಹೋಗದೆ ಮನೆಗೆ ಬಂದದ್ದು ಇದೊಂದು. ಮೊದಲಿಂದ ಕೊನೆಯವರೆಗೆ ಓದುವ ಪುಸ್ತಕ ಇದಲ್ಲ. ಒಳಗೆ ನಾನೂರು ತುಣುಕುಗಳು, ಪ್ರತಿಯೊಂದಕ್ಕೂ ಒಂದು ನಂಬರು. ಓದುವವನನ್ನೇ 'ನೀನು' ಎಂದು ಕರೆದು, ಎದುರಿಗೆ ಎರಡು ದಾರಿ ಇದೆ, ಎಡಕ್ಕೆ ಹೋಗುವುದಾದರೆ ನೂರಾ ಇಪ್ಪತ್ತಕ್ಕೆ ಹೋಗು, ಬಲಕ್ಕಾದರೆ ಮೂವತ್ತೇಳಕ್ಕೆ ಹೋಗು ಎನ್ನುತ್ತದೆ. ಹೋದ ಕಡೆ ದೆವ್ವವೋ ನಿಧಿಯೋ ಸಾವೋ ಕಾದಿರುತ್ತದೆ. ಸರಿಯಾಗಿ ನಡೆದವನು ನಾನೂರನೆಯ ತುಣುಕಿಗೆ ತಲುಪಿ ಗೆಲ್ಲುತ್ತಾನೆ. ರಂಗನ ಮದುವೆಗೆ ಮೊದಲೂ ಆಮೇಲೂ ಭಾನುವಾರದ ಮಧ್ಯಾಹ್ನಗಳಲ್ಲಿ ಅಣ್ಣ ತಮ್ಮ ಇದೇ ಅಟ್ಟದಲ್ಲಿ ಕೂತು ಇದನ್ನು ಆಡಿದ್ದರು. ಓದಿ ಕನ್ನಡದಲ್ಲಿ ಹೇಳುವವನು ರಂಗ, ಯಾಕೆಂದರೆ ಎಸ್‍ಎಸ್‍ಎಲ್‍ಸಿಗೇ ಓದು ಬಿಟ್ಟರೂ ಬಂಗಲೆಯವರ ಜೊತೆ ಓಡಾಡಿ ಅವನಿಗೆ ಇಂಗ್ಲಿಷ್ ದಕ್ಕಿತ್ತು. ಪಿಯುಸಿಯಲ್ಲಿ ಅದೇ ಇಂಗ್ಲಿಷಿನಲ್ಲಿ ಎರಡು ಸಲ ಕೂತು ಎರಡು ಸಲವೂ ಮುಗ್ಗರಿಸಿದ ದೇವೇಂದ್ರ, ಕೇಳಿಸಿಕೊಂಡು ದಾಳ ಹಾಕುವವನು.

ದಾಳವೆಂದರೆ ದಾಳವಲ್ಲ. ಬಂಗಲೆಯ ಮಕ್ಕಳ ದಾಳ ಎಲ್ಲೋ ಕಳೆದಿತ್ತು. ರಂಗ ಒಣಗಿದ ಕಾಫಿಯಿಂದ ಆರು ಬೀಜ ಆರಿಸಿ ಅಡಿಕೆ ಡಬ್ಬಿಗೆ ಹಾಕಿದ್ದ. ಒಂದು ಮೈ ಚಪ್ಪಟೆ, ಒಂದು ಮೈ ಗುಂಡಗೆ. ಚೌಕಾಬಾರದ ಕವಡೆಯ ಹಾಗೆ ಚೆಲ್ಲಿ ಎಷ್ಟು ಚಪ್ಪಟೆ ಮೇಲೆ ಬಿತ್ತೋ ಅಷ್ಟು ಲೆಕ್ಕ, ಒಂದೂ ಬೀಳದಿದ್ದರೆ ಮತ್ತೆ ಹಾಕುವುದು. ಒಂದು ಭಾನುವಾರ ಅಣ್ಣನಿಗೆ ಏನು ಮಾಡಿದರೂ ಆರು ಬೀಳಲಿಲ್ಲ. ನಲವತ್ತು ಸಲ ಚೆಲ್ಲಿದ ಮೇಲೆ ನೋಡಿದರೆ ತಮ್ಮ ಒಂದು ಬೀಜ ತೆಗೆದು ಪೀಬೆರಿ ಸೇರಿಸಿದ್ದ, ಎರಡು ಕಡೆಯೂ ಗುಂಡಗಿರುವ ಒಂಟಿ ಬೀಜ. ಅವನು ಅಂಥವನು. ಕವಲು ಬಂದ ಪುಟದಲ್ಲೆಲ್ಲ ಒಂದೊಂದು ಬೆರಳು ಇಟ್ಟುಕೊಂಡು, ಮುಂದೆ ಸಾವು ಕಂಡರೆ ನಗುತ್ತ ಹಿಂದಿನ ಬೆರಳಿಗೆ ವಾಪಸ್ಸಾಗುತ್ತಿದ್ದ. ಪುಸ್ತಕ ಹಿಡಿದ ಅವನ ಎಡಗೈ ಏಡಿಯ ಹಾಗೆ ಕಾಣುತ್ತಿತ್ತು. ದೇವೇಂದ್ರನಿಗೆ ಅದು ಸೇರುತ್ತಿರಲಿಲ್ಲ. ಸತ್ತ ಮೇಲೆ ಸತ್ತ ಹಾಗೆ, ಒಂದರಿಂದ ಶುರು ಮಾಡಬೇಕು, ಆಟ ಅಂದ ಮೇಲೆ ಒಂದು ನಿಯಮ ಬೇಡವೇ ಎಂದು ಗದರುತ್ತಿದ್ದ. ನಿಯಮ ಕಂಡರೆ ಅವನಿಗೆ ಮೊದಲಿಂದಲೂ ಧೈರ್ಯ. ಏನು ಮಾಡಬೇಕೆಂದು ಯಾರಾದರೂ ಮೊದಲೇ ಹೇಳಿಟ್ಟಿದ್ದರೆ ತಾನು ಯೋಚಿಸುವ ಕೆಲಸ ತಪ್ಪುತ್ತದಲ್ಲ.

ತಮ್ಮ ಸತ್ತ ಮೇಲೆ ಅವನು ನಿಘಂಟು ಇಟ್ಟುಕೊಂಡು ಒಂದೊಂದು ತುಣುಕನ್ನೂ ಕಟ್ಟಿಗೆ ಒಡೆದ ಹಾಗೆ ಒಡೆದು ಓದಿದ್ದ. ಪರೀಕ್ಷೆಗೆ ಇಷ್ಟು ಓದಿದ್ದರೆ ಮೂಡಿಗೆರೆಯಲ್ಲಿ ಗುಮಾಸ್ತನಾದರೂ ಆಗಿರುತ್ತಿದ್ದ. ಓದದೆ ಬಿಟ್ಟದ್ದು ಎರಡೇ: ಎಂಬತ್ತೆಂಟು ಮತ್ತು ಇನ್ನೂರ ಹನ್ನೊಂದು. ಪುಟ ಮಗುಚುವಾಗ ಆ ನಂಬರುಗಳು ಎದುರಾದರೆ ಹೆಬ್ಬೆರಳಿನಿಂದ ಮುಚ್ಚಿಕೊಂಡು ದಾಟಿಬಿಡುತ್ತಿದ್ದ. ಇವತ್ತು ಅವೆರಡನ್ನೂ ನೋಡಿಯೇ ಬಿಡುವುದೆಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ ನಿರ್ಧಾರವಾಗಿತ್ತು. ಊರ ಗುಡಿಯಲ್ಲಿ ದೇವರ ಮೈಮೇಲಿನ ಹೂ ಕೇಳುವುದಿಲ್ಲವೇ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ, ಹಾಗೆ. ಮೋಸವಿಲ್ಲದೆ ಒಂದರಿಂದ ಆಡಿಕೊಂಡು ಆ ಎರಡು ನಂಬರುಗಳಿಗೆ ದಾರಿ ಒಡೆಯುವ ಮಂಜಿನ ಕವಲಿಗೆ ಹೋಗುವುದು. ಅಲ್ಲಿ ಇನ್ನೂರ ಹನ್ನೊಂದಕ್ಕೆ ತಿರುಗಿಸುವುದು. ನೀನು ಮಾಡಿದ್ದು ತಪ್ಪು ಎಂದು ಪುಸ್ತಕ ಹೇಳಿದರೆ ಕೆಳಗಿಳಿದು ಸುಕನ್ಯಾಗೆ ಹೇಳಿಬಿಡುವುದು. ಸರಿ ಎಂದರೆ ಸಾಯುವವರೆಗೂ ಬಾಯಿ ಮುಚ್ಚಿಕೊಂಡಿರುವುದು. ಗುಡಿಗೆ ಹೋಗಿ ಹೂವನ್ನೇ ಕೇಳಬಹುದಿತ್ತು. ಆದರೆ ಅಲ್ಲಿ ಪೂಜಾರಿ ಏನು ವಿಷಯ ಎಂದು ಕೇಳುತ್ತಾರೆ.

ಒಂದನೆಯ ತುಣುಕಿನಲ್ಲಿ ನೀನು ಒಂದು ಕೋಟೆಯ ಬಾಗಿಲಲ್ಲಿ ನಿಂತಿದ್ದೀಯ, ಜೊತೆಯಲ್ಲಿ ನಿನ್ನ ಗೆಳೆಯನಿದ್ದಾನೆ, ಕಳುವಾದ ಗಂಟೆಯನ್ನು ಹುಡುಕಿ ತರಬೇಕು. ಅಣ್ಣ ತಮ್ಮ ಅವತ್ತು ಹುಡುಕಿಕೊಂಡು ಹೋದದ್ದು ಕಡಸನ್ನು. ಸುಕನ್ಯಾಳ ತವರಿನಿಂದ ಮದುವೆಗೆ ಬಂದ ಕಡಸು, ಹಣೆಯಲ್ಲಿ ಬಿಳಿ ಚುಕ್ಕೆ, ಕೊರಳಲ್ಲಿ ಗಂಟೆ. ಬೆಳಗ್ಗೆ ನೋಡಿದರೆ ಕೊಟ್ಟಿಗೆ ಖಾಲಿ, ದಾರಿಯ ಬಾಯಿಗೆ ಹಾಕುವ ಉಣುಗೋಲು ತೆರೆದಿತ್ತು. ಮೂರು ಗಳುಗಳಲ್ಲಿ ಮೇಲಿನೆರಡು ನೆಲದಲ್ಲಿದ್ದವು. ಹಿಂದಿನ ಸಂಜೆ ಕೊನೆಗೆ ಒಳಗೆ ಬಂದವಳು ಸುಕನ್ಯಾ. ಹೊಸ ಸೊಸೆಗೆ ಉಣುಗೋಲು ಹಾಕುವುದು ತಿಳಿಯಲಿಲ್ಲ ಎಂದು ಅಮ್ಮ ಪಾಪಮ್ಮ ಅವತ್ತು ನಗುತ್ತಲೇ ಹೇಳಿದ್ದಳು. ಮಾರನೆಯ ದಿನದಿಂದ ಅದೇ ಮಾತನ್ನು ನಗದೆ ಹೇಳತೊಡಗಿದಳು. ಮೇಲಿನ ಗಳು ಮಳೆಗಾಲದಲ್ಲಿ ಉಬ್ಬಿ ತೂತಿಗೆ ಪೂರ್ತಿ ಇಳಿಯುವುದಿಲ್ಲ, ದನ ಸ್ವಲ್ಪ ಉಜ್ಜಿದರೆ ಬೀಳುತ್ತದೆ, ಬೀಳುವಾಗ ನಡುವಿನದನ್ನೂ ಕೆಡವುತ್ತದೆ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ಹೇಳಲಿಲ್ಲ. ಎಡಕ್ಕೆ ಹೋಗುವುದಾದರೆ ನೂರಾ ಇಪ್ಪತ್ತು. ದೇವೇಂದ್ರ ಎಡಕ್ಕೆ ಹೋದ.

ಕೆಳಗೆ ಟ್ರಂಕಿನ ಮುಚ್ಚಳ ಕಿರ್ರೆಂದಿತು. ಸುಕನ್ಯಾ ಸೀರೆ ಮಡಿಸಿ ಇಡುತ್ತಿದ್ದಾಳೆ. ಈ ಒಂದು ವರ್ಷದಲ್ಲಿ ಅವಳು ಹೆಜ್ಜೆಯ ಸದ್ದೂ ಆಗದ ಹಾಗೆ ಓಡಾಡುವುದನ್ನು ಕಲಿತಿದ್ದಳು. ಸಂಜೆಯಾದರೆ ಸಾಕು, ಬೇಡವೆಂದರೂ ಕೇಳದೆ ಉಣುಗೋಲಿನ ಹತ್ತಿರ ಹೋಗಿ ಮೂರು ಗಳುಗಳನ್ನೂ ಅಲ್ಲಾಡಿಸಿ ನೋಡುತ್ತಿದ್ದಳು. ಮನೆಗೆ ಬಂದು ಕೂತವಳು ಮತ್ತೆ ಎದ್ದು ಹೋಗುತ್ತಿದ್ದಳು. ಒಂದು ದಿನ ಅವನು ಜಗಲಿಯಿಂದ ಎಣಿಸಿದ, ಏಳು ಸಲ. ಆ ಏಳು ಸಲದಲ್ಲಿ ಒಂದು ಸಲವಾದರೂ ಎದ್ದು ಹೋಗಿ, ಬಾರಮ್ಮ, ನಿನ್ನ ಗಂಡ ಸತ್ತದ್ದು ಈ ಕಟ್ಟಿಗೆಯಿಂದಲ್ಲ ಎನ್ನಬಹುದಿತ್ತು. ಅವನು ಕಾಲಿಗೆ ಕಚ್ಚಿದ ಉಂಬಳ ಕೀಳುವವನ ಹಾಗೆ ತಲೆ ತಗ್ಗಿಸಿದ. ಎಡೆಯ ದಿನ ಬಂದ ನೆಂಟರಲ್ಲಿ ಸಿದ್ದಮ್ಮ ಎನ್ನುವ ಮುದುಕಿ, ಪಾಯಸದ ಲೋಟ ಕೈಯಲ್ಲಿಟ್ಟುಕೊಂಡೇ, ಯಾರದೋ ಮೈಮರೆವು ಯಾರದೋ ಪ್ರಾಣಕ್ಕೆ ಬಂತು ಎಂದಳು. ಸುಕನ್ಯಾ ಬಡಿಸುವುದನ್ನು ನಿಲ್ಲಿಸಲಿಲ್ಲ. ದೇವೇಂದ್ರನ ಕೈಯ ತುತ್ತು ಮಾತ್ರ ಎಲೆಗೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸದ್ಯ, ಹೆಗಲು ಮುಟ್ಟಿಕೊಂಡವನನ್ನು ಯಾರೂ ನೋಡಲಿಲ್ಲ. ತಮ್ಮ ಹೋದ ಮೇಲೆ ಪಾಪ ಎಷ್ಟು ಇಳಿದುಹೋಗಿದ್ದಾನೆ ಎಂದು ಇನ್ನೊಂದು ಸೌಟು ಪಾಯಸ ಹಾಕಿಸಿದರು. ಅವನು ಅದನ್ನು ಉಂಡ. ಉಂಡದ್ದೇ ಅವನಿಗೆ ಎಲ್ಲಕ್ಕಿಂತ ಹೇಸಿಗೆಯಾಗಿದ್ದು.

ಗಡಿಯಾರ ಎರಡು ಹೊಡೆಯುವ ಹೊತ್ತಿಗೆ ಅವನು ಸೇತುವೆಯ ಮೇಲೆ ಸತ್ತ. ಕಬ್ಬಿಣದ ನಾಯಿಯ ಎದುರು ನಾಲ್ಕು ಬೀಳಬೇಕಿತ್ತು, ಎರಡು ಬಿತ್ತು. 'ನಿನ್ನ ಸಾಹಸ ಇಲ್ಲಿಗೆ ಮುಗಿಯಿತು.' ಅವನ ನಿಯಮದ ಪ್ರಕಾರ ಒಂದಕ್ಕೆ ಹೋಗಬೇಕು. ಒಂದರಿಂದ ಇಲ್ಲಿಗೆ ಬರಲು ಒಂದೂವರೆ ಗಂಟೆ ಹಿಡಿದಿತ್ತು, ಉಳಿದಿರುವುದು ಒಂದು. ಕಿಟಕಿಯ ಹೊರಗೆ ಅಕ್ಟೋಬರಿನ ಬಿಸಿಲು ನಿಚ್ಚಳವಾಗಿತ್ತು. ಕಾಫಿ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ ಕೆಂಪಾಗುತ್ತಿತ್ತು, ದೂರದಲ್ಲಿ ದೇವರಮನೆ ಎನ್ನುವ ಹುಲ್ಲುಗುಡ್ಡ ಏನೂ ಅರಿಯದ ಹಾಗೆ ಹಸಿರಾಗಿ ಬಿದ್ದಿತ್ತು. ಅವನ ಕೈ ಅವನನ್ನು ಕೇಳದೆಯೇ ಬೀಜಗಳನ್ನು ಬಾಚಿ ಡಬ್ಬಿಗೆ ಹಾಕಿ ಮತ್ತೆ ಚೆಲ್ಲಿತು. ಮೂರು. ಮತ್ತೆ ಚೆಲ್ಲಿದ. ಐದು. ನಾಯಿ ಸತ್ತಿತು. ಹತ್ತು ವರ್ಷದಲ್ಲಿ ಮೊದಲ ಸಲ ಆಟದಲ್ಲಿ ಮೋಸ ಮಾಡಿದವನ ಕಿವಿಯವರೆಗೂ ಬಿಸಿಯೇರಿತು. ಇಷ್ಟು ಸುಲಭವೇ. ನಿಯಮವೆಂದರೆ ಇಷ್ಟೇ ಆಗಿದ್ದರೆ, ಬೇಕೆಂದಾಗ ಮುರಿಯಲು ಬರುವುದೇ ಆಗಿದ್ದರೆ, ಅವತ್ತು ಮಂಜಿನಲ್ಲಿ ಅದನ್ನು ಯಾಕೆ ಮುರಿಯಲಿಲ್ಲ? ಈ ಪ್ರಶ್ನೆ ಬರುತ್ತದೆಂದೇ ಅವನು ಇಷ್ಟು ದಿನ ಮೋಸ ಮಾಡದೆ ಇದ್ದನೋ ಏನೋ. ಪುಟ ತಿರುಗಿಸಿದ. ಮೂರನೆಯ ತಿರುವಿನಲ್ಲಿ ಕವಲು ಬಂದೇಬಿಟ್ಟಿತು.

'ಮಂಜು ನಿನ್ನ ಸುತ್ತ ಮುಚ್ಚಿಕೊಂಡಿದೆ. ಗೆಳೆಯ ಕಾಣುತ್ತಿಲ್ಲ. ದೂರದಿಂದ ಅವನ ದನಿ ಒಂದೇ ಒಂದು ಸಲ ನಿನ್ನ ಹೆಸರು ಹಿಡಿದು ಕರೆಯುತ್ತದೆ. ಉತ್ತರ ಕೊಡುವುದಾದರೆ ಎಂಬತ್ತೆಂಟಕ್ಕೆ ಹೋಗು. ಸುಮ್ಮನಿರುವುದಾದರೆ ಇನ್ನೂರ ಹನ್ನೊಂದಕ್ಕೆ ಹೋಗು.' ಇನ್ನೂರ ಹನ್ನೊಂದರ ಪಕ್ಕ ಪೆನ್ಸಿಲಿನ ಗುರುತು, ರಂಗನ ಕೈಯದು. ಕಡಸು ತಪ್ಪಿಸಿಕೊಳ್ಳುವ ಹಿಂದಿನ ಮಧ್ಯಾಹ್ನ ಆಟ ಇಲ್ಲಿಗೆ ನಿಂತಿತ್ತು. ರಂಗ ಎಂಬತ್ತೆಂಟು ಎಂದ. ದೇವೇಂದ್ರ ಸುತರಾಂ ಒಪ್ಪಲಿಲ್ಲ. ಕಾಡಿನಲ್ಲಿ ಒಂದೇ ಸಲ ಕರೆದರೆ ಓ ಅನ್ನಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಬೇರೆಯದ್ದು ಒಂದೇ ಸಲ ಕರೆಯುವುದು, ಓಗೊಟ್ಟವನು ವಾಪಸು ಬರುವುದಿಲ್ಲ. ಇದು ಅಮ್ಮ ಹಾಲಿನ ಜೊತೆ ಕುಡಿಸಿದ ಪಾಠ. ಈ ಮನೆಯಲ್ಲಿ ಕಾಫಿಗೆ ಕರೆಯುವುದೂ ಮೂರು ಸಲವೇ. ಮದುವೆಯಾಗಿ ಬಂದ ಹೊಸದರಲ್ಲಿ ಸುಕನ್ಯಾ ಅತ್ತೆ, ಅತ್ತೆ, ಅತ್ತೆ ಎಂದು ಮೂರು ಸಲ ಕರೆದು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

"ಪಾಪ, ಮಂಜಲ್ಲಿ ಒಬ್ನೇ ಸಿಕ್ಕಾಕ್ಕೊಂಡಿದಾನೆ ಮಾರಾಯ. ಓ ಅಂದ್ರೆ ನಿನ್ ಗಂಟೇನು ಹೋಗ್ತದೆ?" ಎಂದಿದ್ದ ರಂಗ.

ನಿಯಮ ನಿಯಮವೇ ಎಂದು ದೇವೇಂದ್ರ ಹಟ ಹಿಡಿದ. ಕೆಳಗಿನಿಂದ ಸುಕನ್ಯಾ ಗಂಡನನ್ನು ಕರೆದಳು. ರಂಗ ಮೊದಲ ಕರೆಗೇ ಎದ್ದು, ಇನ್ನೂರ ಹನ್ನೊಂದರ ಪಕ್ಕ ಗೀಟು ಎಳೆದು, "ಆಯ್ತಪ್ಪ, ಅಣ್ಣ ನೀನು, ನೀನ್ ಹೇಳ್ದಂಗೇ ಆಗ್ಲಿ. ನಾಳೆ ನೋಡನ," ಎಂದು ಏಣಿ ಇಳಿದುಹೋದ. ಅವನು ಇಳಿದುಹೋದ ರೀತಿಯಲ್ಲಿ ಏನೋ ಇತ್ತು. ಕರೆಯುವವರು ಇರುವವನ ನಡಿಗೆ ಅದು. ಮೂರು ಕಡೆಯಿಂದ ಹೆಣ್ಣು ತಪ್ಪಿಹೋಗಿ, ತಮ್ಮನಿಗೆ ಮೊದಲು ಮಾಡಿಬಿಡಿ ಎಂದು ತಾನೇ ದೊಡ್ಡ ಮನಸ್ಸು ಮಾಡಿ, ಚಪ್ಪರದ ಕಂಬಕ್ಕೆ ತಾನೇ ಮಾವಿನೆಲೆ ಕಟ್ಟಿದ ದೇವೇಂದ್ರ, ಚೆಲ್ಲಿದ ಬೀಜಗಳನ್ನು ಒಬ್ಬನೇ ಕೂತು ಹೆಕ್ಕಿದ. ಆ ಹೊತ್ತಿನಲ್ಲಿ ಅವನ ಮನಸ್ಸಿನಲ್ಲಿ ಏನಿತ್ತು? ಏನೂ ಇರಲಿಲ್ಲ ಎಂದು ಅವನು ಸಾವಿರ ಸಲ ಹೇಳಿಕೊಂಡಿದ್ದಾನೆ.

ಮಾರನೆಯ ದಿನ ಹುಲ್ಲುಗುಡ್ಡದ ನೆತ್ತಿಯಲ್ಲಿ ಮಂಜು ಬಂದಾಗ ಇಬ್ಬರೂ ಬೇರೆಯಾಗಿದ್ದರು, ತಮ್ಮ ಬಂಡೆಯ ಮೇಲ್ಗಡೆಯಿಂದ, ಅಣ್ಣ ಕೆಳಗಿನ ಇಳಿಜಾರಿನಿಂದ. ಹತ್ತು ಮಾರಿನ ಆಚೆ ಏನೂ ಕಾಣದು. ಎಲ್ಲಿಂದಲೋ ಕಡಸಿನ ಗಂಟೆ ಕೇಳಿ, ನಿಂತುಹೋಯಿತು. ಆಮೇಲೆ, ಅಣ್ಣಾ. ಒಂದು ಸಲ. ದನಿ ಎಡಗಡೆಯಿಂದಲೂ ಬಂದಂತಿತ್ತು, ತನ್ನ ತಲೆಯೊಳಗಿನಿಂದಲೂ ಬಂದಂತಿತ್ತು. ದೇವೇಂದ್ರ ನಿಂತ. ಮೈ ಜುಮ್ಮೆಂದಿತು, ಅದು ನಿಜ. ಆದರೆ ಮರುಕ್ಷಣ ತುಟಿಯಲ್ಲಿ ಸಣ್ಣ ನಗು ಬಂದದ್ದೂ ನಿಜ. ಇವನು ನಿನ್ನೆಯ ಪುಸ್ತಕದ ಆಟ ಕಟ್ಟುತ್ತಿದ್ದಾನೆ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ, ಓ ಎಂದರೆ ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿ ನಗುತ್ತಾನೆ. ಎರಡನೆಯದು ಬರಲಿ ಎಂದು ಕಾದ. ಎರಡನೆಯದು ಬಂದಿದ್ದರೆ ಮೂರನೆಯದಕ್ಕೆ ಕಾಯುತ್ತಿದ್ದ. ಎಷ್ಟು ಹೊತ್ತು ನಿಂತನೋ, ಹುಲ್ಲಿನ ನೀರು ಪ್ಯಾಂಟಿನ ಮೊಣಕಾಲಿಗೆ ಏರಿತ್ತು. ಆಮೇಲೆ ತಮ್ಮ ಬೇರೆ ದಾರಿಯಿಂದ ಹೋಗಿರುತ್ತಾನೆ ಎಂದುಕೊಂಡು ಮನೆಗೆ ಬಂದ. ಬಿಸಿನೀರು ಹಾಕಿಕೊಂಡ. ಅಕ್ಕಿರೊಟ್ಟಿ ತಿಂದ, ನಾಲ್ಕು. ಆ ನಾಲ್ಕು ರೊಟ್ಟಿ ಅವನಿಗೆ ಇವತ್ತಿಗೂ ಒಂದೊಂದಾಗಿ ನೆನಪಿದೆ. ಕಡಸು ಸಂಜೆ ತಾನಾಗಿಯೇ ಗಂಟೆ ಆಡಿಸಿಕೊಂಡು ಬಂದು ಕೊಟ್ಟಿಗೆಯಲ್ಲಿ ನಿಂತಿತು. ರಂಗ ಬರಲಿಲ್ಲ.

ಸಿಕ್ಕಿದ್ದು ಮರುದಿನ ಬೆಳಗ್ಗೆ, ಬಂಡೆಯ ಬುಡದಲ್ಲಿ. ಎರಡಾಳು ಎತ್ತರದ ಬಂಡೆಯಷ್ಟೇ. ಕಾಲು ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು. ಸಂಜೆಯವರೆಗೂ ಜೀವ ಇದ್ದಿರಬಹುದು ಎಂದು ಡಾಕ್ಟರು ಸಾಮಾನ್ಯ ವಿಷಯದ ಹಾಗೆ ಹೇಳಿದರು. ಕಂಬಳಿಯಲ್ಲಿ ಹೊತ್ತು ತರುವಾಗ ಕಾಲಿನ ಕಡೆ ಹಿಡಿದವನು ದೇವೇಂದ್ರ. ಏನಾದರೂ ಕೂಗಿದ್ದು ಕೇಳಿಸಿತ್ತಾ ಎಂದು ಪೊಲೀಸಿನವರು ಕೇಳಿದಾಗ, ಇಲ್ಲ ಸಾರ್ ಎಂದ. ಆ ಇಲ್ಲ ಅವನ ಬಾಯಿಂದ ಬಂದದ್ದು ಎಷ್ಟು ಸಲೀಸಾಗಿತ್ತೆಂದರೆ, ಅದನ್ನು ಇನ್ಯಾರೋ ಹೇಳಿರಬೇಕೆಂದು ಪಕ್ಕಕ್ಕೆ ನೋಡಿದ್ದ. ಸುಕನ್ಯಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳು ಅವತ್ತೇ ಒಂದು ಸಲ ಕೇಳಿದ್ದಳು, ಅವರು ಏನೂ ಅನ್ನಲೇ ಇಲ್ಲವಾ ಭಾವ ಎಂದು. ಇಲ್ಲ ಎನ್ನುವುದು ಎರಡನೆಯ ಸಲ ಇನ್ನೂ ಸಲೀಸು.

ಎರಡೂ ಮುಕ್ಕಾಲು ಇರಬೇಕು. ಕೆಳಗೆ ತಿರುವಿನಲ್ಲಿ ಜೀಪು ಗೇರು ಬದಲಿಸಿದ ಸದ್ದಾಯಿತು. ದೇವೇಂದ್ರ ಹೆಬ್ಬೆರಳು ತೆಗೆದು ಇನ್ನೂರ ಹನ್ನೊಂದನ್ನು ಓದಿದ. ನಿಘಂಟು ಬೇಕಾಗಲಿಲ್ಲ. 'ನೀನು ತುಟಿ ಬಿಗಿಹಿಡಿದು ಮುಂದೆ ನಡೆಯುತ್ತೀಯ. ಅದು ನಿನ್ನ ಗೆಳೆಯನ ದನಿಯಲ್ಲ, ಮಂಜಿನಲ್ಲಿ ವಾಸಿಸುವ ಪಿಶಾಚಿಯದು. ಉತ್ತರ ಕೊಟ್ಟವರ ಮೂಳೆಗಳು ದಾರಿಯುದ್ದಕ್ಕೂ ಬಿದ್ದಿವೆ. ನಿನ್ನ ಎಚ್ಚರಿಕೆಗೆ ಎರಡು ಅಂಕ ಸೇರಿಸಿಕೋ. ಗೆಳೆಯ ಕಣಿವೆಯ ಆಚೆ ನಿನಗಾಗಿ ಕಾಯುತ್ತಿದ್ದಾನೆ.' ಮತ್ತೆ ಓದಿದ. ಪುಟ ಮಗುಚಿ ಎಂಬತ್ತೆಂಟನ್ನೂ ನೋಡಿದ. ಅಲ್ಲಿ ಎರಡೇ ಸಾಲು. ನೆಲ ಬಾಯಿಬಿಡುತ್ತದೆ, ನಿನ್ನ ಸಾಹಸ ಇಲ್ಲಿಗೆ ಮುಗಿಯಿತು. ಹೂ ಎಡಕ್ಕೇ ಬಿದ್ದಿತ್ತು. ಹೇಳುವುದು ಬೇಡ. ಅವನು ಮಾಡಿದ್ದು ಸರಿ. ಅಮ್ಮ ಹೇಳಿದ್ದನ್ನೇ ಏಳು ಸಮುದ್ರದ ಆಚೆಯ ಯಾವನೋ ಅಚ್ಚು ಹಾಕಿಸಿ, ಬೆನ್ನು ತಟ್ಟಿ, ಎರಡು ಅಂಕವನ್ನೂ ಕೊಟ್ಟಿದ್ದ. ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಕಣಿವೆಯ ಆಚೆ ಕಾಯುವ ಗೆಳೆಯ ಅವನಿಗೆಲ್ಲಿದ್ದ? ಅವನ ತಮ್ಮ ಬಂಡೆಯ ಬುಡದಲ್ಲಿ ಅಣ್ಣನ ಓ ಒಂದಕ್ಕೆ ಕಿವಿಯಿಟ್ಟುಕೊಂಡು, ಸಂಜೆಯವರೆಗೆ. ತಪ್ಪು ಮಾಡಿದೆ ಎಂದು ಯಾರಾದರೂ ಹೇಳಿಬಿಡಲಿ ಎಂದು ಒಂದು ವರ್ಷ ಕಾದಿದ್ದ, ಪುಸ್ತಕವಾದರೂ ಹೇಳಬಾರದಿತ್ತೇ ಎಂದು ಅವನಿಗೆ ಅಳು ಬಂತು. ಬಂತು, ಆದರೆ ಅಳಲು ಆಗಲಿಲ್ಲ.

"ಭಾವಾ."

ಏಣಿಯ ಬುಡದಿಂದ ಸುಕನ್ಯಾ ಕರೆದಳು. ಒಂದೇ ಸಲ. ಹೊರಡುವವಳು, ಇನ್ನು ಈ ಮನೆಯ ಮೂರು ಕರೆಯ ಸಂಪ್ರದಾಯ ಅವಳಿಗೆ ಯಾಕೆ? ದೇವೇಂದ್ರನ ಉಸಿರು ಅಭ್ಯಾಸದಂತೆ ಎರಡನೆಯದಕ್ಕೆ ಕಾಯಿತು. ಕಾಯುತ್ತಿದೆ ಎನ್ನುವುದು ಅವನಿಗೆ ಕಂಡಿತು. ಹುಲ್ಲಿನ ನೀರು ಮೊಣಕಾಲಿಗೆ ಏರಿದ್ದೂ ಕಂಡಿತು.

"ಓ," ಎಂದ. ಎಷ್ಟು ಜೋರಾಗಿ ಎಂದನೆಂದರೆ ಅಂಗಳದಲ್ಲಿ ಜೀಪಿನ ಹಿಂದೆ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ ಗುರುವಯ್ಯ ತಲೆಯೆತ್ತಿ ನೋಡಿದರು.

ಇಳಿದು ಬಂದಾಗ ಎಲ್ಲ ಸಿದ್ಧವಾಗಿತ್ತು. ಅಮ್ಮ ಜಗಲಿಯಲ್ಲಿ ಕೂತು ವೀಳ್ಯದೆಲೆಯ ನಾರು ಬಿಡಿಸುತ್ತಿದ್ದಳು. ಕಡಸು, ಈಗ ಗಬ್ಬವಾಗಿದ್ದದ್ದು, ಕೊಟ್ಟಿಗೆಯ ಬಾಗಿಲಲ್ಲಿ ಕತ್ತು ಚಾಚಿತ್ತು. ಅದು ಇಲ್ಲೇ ಇರಲಿ ಎಂದು ಗುರುವಯ್ಯ ಮೊದಲೇ ಹೇಳಿದ್ದರು. ಸುಕನ್ಯಾ ಅತ್ತೆಯ ಕಾಲು ಮುಟ್ಟಿ, ಅಂಗಳಕ್ಕೆ ಇಳಿದು ಭಾವನ ಕಾಲು ಮುಟ್ಟಲು ಬಗ್ಗಿದಳು. ಅವನು ಬೆಂಕಿ ತಾಗಿದವನ ಹಾಗೆ ಹಿಂದಕ್ಕೆ ಸರಿದ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದದ್ದು ಹೌದು, ಆದರೆ ಬಾಯಿಂದ ಬಿದ್ದದ್ದು ಬೇರೆ.

"ಅವತ್ತು ಉಣುಗೋಲು ತೆಗೆದಿಟ್ಟಿದ್ದು ನಾನು. ನೀನಲ್ಲ."

ಸುಕನ್ಯಾ ಅವನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಅದು ನಂಬಿಕೆಯ ನೀರಲ್ಲ, ಉಪಕಾರ ಸ್ಮರಣೆಯದು.

"ಬಿಡಿ ಭಾವ, ನಂಗೋಸ್ಕರ ಸುಳ್ಳು ಹೇಳ್ಬೇಡಿ," ಎಂದಳು. "ಸರಿಯಾಗಿ ಹಾಕ್ದೆ ಇದ್ದಿದ್ದು ನಾನೇ. ಒಂದ್ ವರ್ಷ ಎಲ್ರೂ ಅಂದ್ರು. ನೀವೊಬ್ರೇ ಒಂದು ಮಾತೂ ಆಡ್ಲಿಲ್ಲ."

ಮಾತು ಬೆಳ್ಳಿ, ಮೌನ ಬಂಗಾರ. ಒಂದು ವರ್ಷ ಬಚ್ಚಿಟ್ಟ ಬಂಗಾರವನ್ನು ಅವಳು ಅವನ ಕಾಲಬುಡದಲ್ಲಿ ಇಟ್ಟು ಮತ್ತೆ ಬಗ್ಗುತ್ತಿದ್ದಳು. ಹೀಗೇ ಕಳಿಸಿಬಿಟ್ಟರೆ ಇವಳು ಬದುಕಿರುವವರೆಗೂ ಸಂಜೆ ಸಂಜೆಗೆ ಎದ್ದು ಯಾವುದೋ ಊರಿನ ಯಾವುದೋ ಉಣುಗೋಲನ್ನು ಅಲ್ಲಾಡಿಸಿ ನೋಡುತ್ತಾಳೆ, ನೋಡಿ, ನಮ್ಮ ಭಾವ ದೇವರಂಥವರು ಎನ್ನುತ್ತಾಳೆ.

"ರಂಗ ಕರೆದಿದ್ದ. ಮಂಜಲ್ಲಿ. ನಂಗೆ ಕೇಳ್ಸಿತ್ತು."

ಬಗ್ಗಿದ್ದವಳು ಅರ್ಧಕ್ಕೆ ನಿಂತಳು. ಗುರುವಯ್ಯನ ಕೈಯ ಹಗ್ಗ ನಿಂತಿತು. ಜಗಲಿಯಲ್ಲಿ ಎಲೆಯ ನಾರು ಬಿಡಿಸುವ ಸದ್ದು, ಅದುವರೆಗೆ ಇದೆಯೆಂದೇ ಗೊತ್ತಿಲ್ಲದ ಆ ಸಣ್ಣ ಸದ್ದು, ನಿಂತಿತು. ಬಯ್ಯುತ್ತಾಳೆ, ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ದೇವೇಂದ್ರ ಕಾದ. ಅವಳು ಕೇಳಿದ್ದು ಒಂದೇ ಪ್ರಶ್ನೆ, ಅದೂ ತೀರ ಮೆಲ್ಲಗೆ.

"ಏನಂತ ಕರೆದ್ರು?"

ಯಾಕೆ ಓಗೊಡಲಿಲ್ಲ ಎಂದಲ್ಲ. ಒಂದು ವರ್ಷದಿಂದ ಗಂಡನ ಕೊನೆಯ ಮಾತೊಂದು ಇಲ್ಲದೆ ಬದುಕಿದವಳು, ಅದು ಇತ್ತು ಎಂದು ಗೊತ್ತಾದ ಕ್ಷಣದಲ್ಲಿ ಅದನ್ನು ಮಾತ್ರ ಕೇಳಿದಳು. ಅವಳ ತುಟಿ ಸ್ವಲ್ಪ ತೆರೆದಿತ್ತು. ಏನು ಕೇಳಲು ಆಸೆಪಡುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಸುಕನ್ಯಾ ಎಂದು ಕರೆದ ಎಂದರೆ ಆಯಿತು. ಸತ್ತವನು ಬಂದು ಅಲ್ಲ ಎನ್ನುವುದಿಲ್ಲ, ಇವಳು ಅದನ್ನು ಗಂಟು ಕಟ್ಟಿಕೊಂಡು ಹೋಗುತ್ತಾಳೆ, ತನ್ನ ಪಾಪಕ್ಕೂ ಅರ್ಧ ಪರಿಹಾರವಾಗುತ್ತದೆ. ಎರಡು ದಾರಿ ಕಣ್ಣೆದುರಿಗೇ ಇತ್ತು. ಯಾವುದರಲ್ಲಿಯೂ ಬೆರಳಿಟ್ಟುಕೊಳ್ಳಲು ಪುಟವಿರಲಿಲ್ಲ.

"ಅಣ್ಣಾ ಅಂತ," ಎಂದ. "ಒಂದೇ ಸಲ. ನಾನು ಎರಡ್ನೇದು ಬರ್ಲಿ ಅಂತ ಕಾದೆ."

ಸುಕನ್ಯಾ ತಲೆಯಾಡಿಸಿದಳು, ಸಾಮಾನು ಎಣಿಸಿ ಸರಿ ಇದೆ ಎನ್ನುವವರ ಹಾಗೆ. ಅವಳು ನೋಡಿದ್ದು ಅವನನ್ನಲ್ಲ. ಜಗಲಿಯಲ್ಲಿ ಕೂತ ಅತ್ತೆಯನ್ನು. ಪಾಪಮ್ಮನ ಕಣ್ಣು ಮಡಿಲಲ್ಲಿದ್ದ ಎಲೆಯ ಮೇಲಿತ್ತು. ಕಾಲು ಮುಟ್ಟಲು ಚಾಚಿದ್ದ ಕೈಯನ್ನು ಸುಕನ್ಯಾ ಹಿಂದಕ್ಕೆ ತೆಗೆದುಕೊಂಡು ಸೆರಗು ಸರಿಮಾಡಿಕೊಂಡಳು. ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು. ಗುರುವಯ್ಯ ಹಗ್ಗದ ಗಂಟು ಬಿಗಿದು, ಮಗಳ ಮುಖ ನೋಡಿ ಹತ್ತಿದರು. ಜೀಪು ಉಣುಗೋಲು ದಾಟಿ ಹೋಯಿತು. ದಾಟುವಾಗ ಅವಳು ಎಡಕ್ಕೆ ತಿರುಗಿ ಗಳುಗಳನ್ನು ನೋಡುತ್ತಾಳೆ ಎಂದುಕೊಂಡಿದ್ದ. ನೋಡಲಿಲ್ಲ. ಅದೊಂದು ಅವನಿಗೆ ಎಲ್ಲೋ ಒಂದು ಕಡೆ ಸಮಾಧಾನ ಕೊಟ್ಟಿತು, ಉಳಿದದ್ದು ಯಾವುದೂ ಕೊಡಲಿಲ್ಲ.

ಅವನು ಹೋಗಿ ಉಣುಗೋಲು ಹಾಕಿದ. ಕೆಳಗಿನದು ಸರಿಯಾಗಿ ಕೂತಿತು, ನಡುವಿನದು ಕೂತಿತು. ಮೇಲಿನದು ಉಬ್ಬಿತ್ತು. ಎರಡು ಕೈಯಲ್ಲಿ ಒತ್ತಿ ಹಿಡಿದು, ಅಂಗೈಯ ಚರ್ಮ ಸುಲಿಯುವವರೆಗೆ ತಳ್ಳಿದರೂ ತೂತಿಗೆ ಅರ್ಧದಷ್ಟೇ ಇಳಿಯಿತು. ಬಿಟ್ಟರೆ ಬೀಳುತ್ತದೆ ಎಂದು ಹಿಡಿದುಕೊಂಡೇ ನಿಂತ. ಜೀಪಿನ ಸದ್ದು ಒಂದು ತಿರುವು ಕೇಳಿ, ಇನ್ನೊಂದು ತಿರುವು ಕೇಳಿ, ಇಲ್ಲವಾಯಿತು.

"ದೇವೇಂದ್ರಾ."

ಜಗಲಿಯಿಂದ ಅಮ್ಮ ಕರೆದಳು. ಅವನು ಗಳು ಹಿಡಿದುಕೊಂಡೇ ಓ ಎಂದ. ಯಾಕೆ ಕರೆದೆ ಎಂದು ತಿರುಗಿ ನೋಡಿದ. ಪಾಪಮ್ಮ ಎರಡನೆಯ ಸಲ ಕರೆಯಲಿಲ್ಲ. ಬಿಡಿಸಿದ ಎಲೆಗಳನ್ನು ಮಡಿಲಲ್ಲಿಟ್ಟುಕೊಂಡು, ಒಂದೇ ಕರೆಗೆ ಓಗೊಟ್ಟ ಮಗನನ್ನು ನೋಡುತ್ತ ಕೂತಿದ್ದಳು.